ಕೂರಬಾರದ ಅಂಗಡಿ

"ಕಾಲು ನೋಯ್ತಾ ಇದೆಯಾ ಸಾರ್?"

ಕೇಳಿದವಳು ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿ. ನಾಲಿಗೆ ಹರಿತವೆಂದು ಎಲ್ಲರೂ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು.

ಕೇಳಿಸಿಕೊಂಡವನು ಯಾವುದೋ ಸಂಸ್ಥೆಯಿಂದ ಬಂದ ತರಬೇತುದಾರ. ಅಂಗಡಿ ತೆರೆಯುವ ಮುನ್ನ ಗಿರಾಕಿಗಳ ಸ್ಟೂಲಿನ ಮೇಲೆ ಆರಾಮಾಗಿ ಕೂತು, 'ಬಾಳಿಕೆ ಬರುವ ಸಾಮಾಜಿಕ ಬದಲಾವಣೆ'ಯ ಬಗ್ಗೆ ಭಾಷಣ ಬಿಗಿಯುತ್ತಿದ್ದ. ಹುಡುಗಿಯರೆಲ್ಲ ಕೌಂಟರಿನ ಹಿಂದೆ ನಿಂತಿದ್ದರು. ಬೆಳಗಿನಿಂದ ಬಾಗಿಲು ಹಾಕುವವರೆಗೂ ಆ ಅಂಗಡಿಯಲ್ಲಿ ಕೆಲಸದವರು ಕೂರುವಂತಿರಲಿಲ್ಲ.

"ಇಲ್ವಲ್ಲ... ಯಾಕೆ?"

"ನಮಗೆ ನೋಯ್ತಾ ಇದೆ. ಅದಕ್ಕೇ ಕೇಳಿದೆ."

ಅವನ ಮುಖ ಕಿವಿಯವರೆಗೂ ಕೆಂಪಾಯಿತು. ತಟ್ಟನೆ ಎದ್ದ. ಮುಂದಿನ ಮಾತೇ ಮರೆತುಹೋಯಿತು.

'ಅಯ್ಯೋ, ಎಷ್ಟು ಚೆನ್ನಾಗಿ ನಾಚಿಕೊಳ್ತಾನೆ!' ಎಂದ ತನ್ನ ಮನಸ್ಸಿಗೆ ಕತ್ತರಿ ಅಲ್ಲೇ ಛೀಮಾರಿ ಹಾಕಿದಳು.

ಸಮಾಜ ಉದ್ಧಾರಕರನ್ನು ಅವಳು ಬೇಕಾದಷ್ಟು ನೋಡಿದ್ದಳು. ಹಿಂದೊಮ್ಮೆ ಒಂದು ತಂಡ ಪ್ಲಾಸ್ಟಿಕ್ ಕುರ್ಚಿಗಳನ್ನು ದಾನ ಮಾಡಿ, ಹುಡುಗಿಯರನ್ನು ಅವುಗಳಲ್ಲಿ ಕೂರಿಸಿ, ನಗಿಸಿ, ಫೋಟೊ ಹೊಡೆದುಕೊಂಡು ಹೋಗಿತ್ತು. ಆ ಪುಣ್ಯಾತ್ಮರು ಬೀದಿ ತಿರುಗುವ ಮೊದಲೇ ಕುರ್ಚಿಗಳು ಗೋದಾಮು ಸೇರಿದ್ದವು. ಈಗ ಪರದೆ ಬಟ್ಟೆಯ ಥಾನುಗಳು ಅವುಗಳ ಮೇಲೆ ಸುಖವಾಗಿವೆ.

ಆದರೆ ಈ ಮನುಷ್ಯ ಮರುದಿನವೂ ಬಂದ. ಅದರ ಮರುದಿನವೂ. ಭಾಷಣವಿಲ್ಲ, ಫೋಟೊ ಇಲ್ಲ. ಕೌಂಟರಿನ ಮೂಲೆಯಲ್ಲಿ ನಿಂತು ಒಬ್ಬೊಬ್ಬರನ್ನೇ ಕೇಳುತ್ತಿದ್ದ. "ಕೂರಬಾರದು ಅಂತ ಯಾರು ಹೇಳಿದ್ದು?"

"ಮೊದಲಿಂದ್ಲೂ ಹಾಗೇ ಸಾರ್..."

"ಇದನ್ನ ಕೇಳೋಕೆ ನಿಮಗೆ ಸಂಬಳ ಬೇರೆ ಕೊಡ್ತಾರಾ?" ಕತ್ತರಿ ಮೂಗು ಮುರಿದಳು.

"ಕೊಡ್ತಾರೆ. ತುಂಬಾ ಕಮ್ಮಿ." ಅವನು ನಕ್ಕ. ಅವಳಿಗೂ ನಗು ಬಂತು. ಸೀರೆ ಮಡಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

ಅವಳ ಯೋಜನೆ ಬೇರೆಯೇ ಇತ್ತು. "ರಿಯಾಯಿತಿ ಮಾರಾಟದ ಮೊದಲ ದಿನ ಎಲ್ಲರೂ ಕೂತುಬಿಡೋಣ. ಯಜಮಾನರ ಸೊಕ್ಕು ಇಳಿಯುತ್ತೆ!"

"ಈಗ್ಲೇ ಬೇಡ. ಒಂದು ದಿನ ಕೂರೋದು ದೊಡ್ಡದಲ್ಲ. ನೀವು ಕೆಲಸ ಬಿಟ್ಟು ಹೋದ ಮೇಲೂ ಇವರು ಕೂರ್ಬೇಕಲ್ಲ?"

"ಪುಕ್ಕಲ!" ಎಂದಳು ಮುಖಕ್ಕೆ ಹೊಡೆದ ಹಾಗೆ.

ಅವಳ ತಿರಸ್ಕಾರಕ್ಕೆ ಇನ್ನೂ ಒಬ್ಬರು ಗುರಿಯಾಗಿದ್ದರು. ಅಂಗಡಿಯ ಸೂಪರ್‌ವೈಸರ್, ಅವಳ ಸ್ವಂತ ಚಿಕ್ಕಮ್ಮ. ಯಾರಾದರೂ ಗೋಡೆಗೆ ಒರಗಿದರೂ ಸಾಕು, "ನಾವೆಲ್ಲ ನಿಂತೇ ದುಡಿದಿದ್ದು. ನಿಮಗೇನು ಬಂದಿದೆ ರೋಗ?" ಎಂದು ಎಗರಿಬೀಳುತ್ತಿದ್ದರು. ಯಜಮಾನನ ಬಾಲ ಎಂದೇ ಕತ್ತರಿಯ ಲೆಕ್ಕ.

ಒಂದು ಸಂಜೆ ರಸ್ತೆಯಾಚೆಯ ಟೀ ಅಂಗಡಿಯಲ್ಲಿ ಅವಳು ಕಂಡದ್ದೇನು? ಅವನೂ ಚಿಕ್ಕಮ್ಮನೂ ಎದುರುಬದುರು! ಚಿಕ್ಕಮ್ಮ ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದಂತೆ ಕಂಡಿತು.

'ನನ್ನ ಯೋಜನೆ ಹೇಳ್ಬಿಟ್ಟ...'

ರಸ್ತೆ ದಾಟಿ ಹೋದವಳು ಎಲ್ಲರೆದುರೇ ಕೂಗಿದಳು. "ಚಮಚಾ! ಇನ್ನೊಂದ್ಸಲ ನಮ್ಮ ಅಂಗಡಿ ಕಡೆ ಮುಖ ತೋರಿಸ್ಬೇಡ!"

ಅವನು ಬಾಯಿ ತೆರೆದ. ಅವಳು ಕೇಳಿಸಿಕೊಳ್ಳದೆ ನಡೆದಳು. ದಾರಿಯುದ್ದಕ್ಕೂ ಅತ್ತಳು. ಅಂಥವನಿಗಾಗಿ ಅಳುತ್ತಿದ್ದೇನಲ್ಲ ಎಂದು ಮತ್ತೂ ಅತ್ತಳು.

ಮಾರನೆಯ ಬೆಳಿಗ್ಗೆ ಗೋದಾಮಿನಿಂದ ಒಂದು ಕುರ್ಚಿ ಎಳೆದುತಂದು ಅಂಗಡಿಯ ನಟ್ಟನಡುವೆ ಕೂತಳು. ಒಬ್ಬಳೇ. ಹಿಂದಿನ ದಿನವಷ್ಟೇ ಜೊತೆಗಿರುತ್ತೇವೆಂದ ವೀರವನಿತೆಯರೆಲ್ಲ ತಲೆ ತಗ್ಗಿಸಿ, ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದರು.

ಗಾಜಿನ ಕೋಣೆಯಿಂದ ಯಜಮಾನ ಹೊರಬಂದ. ಹೊಟ್ಟೆ ಮೊದಲು, ಅವನು ಆಮೇಲೆ.

"ಏನಿದು ನಾಟಕ? ನಾಳೆಯಿಂದ ಬರೋದು ಬೇಡ ಅನ್ನಿ ಇವಳಿಗೆ," ಎಂದ ಚಿಕ್ಕಮ್ಮನಿಗೆ.

ಕತ್ತರಿ ಕುರ್ಚಿಯ ಅಂಚು ಹಿಡಿದು ಕೂತೇ ಇದ್ದಳು. ಮನೆಯಲ್ಲಿ ಅಮ್ಮನ ಔಷಧಿ ನಡೆಯುತ್ತಿದ್ದದ್ದೇ ಈ ಕೆಲಸದಿಂದ.

ಚಿಕ್ಕಮ್ಮ ಗಿರಾಕಿಗಳ ಸ್ಟೂಲು ಎಳೆದುಕೊಂಡು, ಮೊಣಕಾಲು ಹಿಡಿದು, ನಿಧಾನವಾಗಿ ಕೂತರು.

"ನಾನೂ ಕೂತಿದೀನಿ. ನನ್ನನ್ನೂ ಕಳಿಸಿ."

ಸೂಪರ್‌ವೈಸರೇ ಕೂತ ಮೇಲೆ ಇನ್ನೇನು! ಒಬ್ಬಳು ಥಾನಿನ ಮೇಲೆ, ಇನ್ನೊಬ್ಬಳು ಮೆಟ್ಟಿಲ ಮೇಲೆ... ನೋಡುನೋಡುತ್ತಿದ್ದಂತೆ ಇಡೀ ಅಂಗಡಿ ಕೂತಿತ್ತು. ಹೊರಗೆ ಗಿರಾಕಿಗಳು ಸೇರುತ್ತಿದ್ದರು. ಯಜಮಾನ ಒಮ್ಮೆ ಬಾಗಿಲು ನೋಡಿದ, ಒಮ್ಮೆ ಚಿಕ್ಕಮ್ಮನನ್ನು ನೋಡಿದ.

"ಗಿರಾಕಿ ಬಂದಾಗ ಎದ್ರೆ ಆಯ್ತಪ್ಪ. ಕೂರಬೇಡಿ ಅಂತ ನಾನ್ಯಾವತ್ತು ಹೇಳಿದೆ?" ಎಂದ. ಸಂಜೆಯೊಳಗೆ ಅದನ್ನು ತನ್ನ ದೊಡ್ಡ ಗುಣವೆಂದು ಗಿರಾಕಿಗಳಿಗೆ ಬಣ್ಣಿಸುತ್ತಿದ್ದ. ನಾಚಿಕೆಯೆಂಬುದು ಅವನ ಓಣಿಯಲ್ಲೂ ಹಾದುಹೋದದ್ದಲ್ಲ.

"ಯಜಮಾನ ಹೇಳಿದ್ದು ನಿಜ ಕಣೇ," ಎಂದರು ಚಿಕ್ಕಮ್ಮ ಆಮೇಲೆ. "ಕೆಲಸ ಹೋದೀತು ಅಂತ ಹೆದರಿ, ಎಲ್ಲರಿಗಿಂತ ಮೊದಲು ಕೂರದೇ ಇದ್ದವಳು ನಾನು. ಬಂದವರಿಗೆಲ್ಲ ಅದನ್ನೇ ಕಲಿಸ್ದೆ. ಆ ಹುಡುಗ ಕೇಳ್ತಾ ಕೇಳ್ತಾ ನನ್ನ ಹತ್ರ ಬಂದು ಮುಟ್ಟಿದ. ಬೈತಾನೆ ಅಂದ್ಕೊಂಡೆ. 'ಅಮ್ಮಾ, ಇಷ್ಟು ವರ್ಷ ಹೇಗೆ ತಡ್ಕೊಂಡ್ರಿ?' ಅಂದ. ಅಳು ಬಂದ್ಬಿಡ್ತು. ಒಂದೇ ಮನೇಲಿ ಇದ್ದು ನೀನು ಯಾವತ್ತಾದ್ರೂ ಕೇಳಿದ್ಯಾ?"

ಅಂದರೆ... ಅದು ನಗುವಾಗಿರಲಿಲ್ಲ!

ಕತ್ತರಿ ಯಜಮಾನನನ್ನು, ಚಿಕ್ಕಮ್ಮನನ್ನು, ಗೆಳತಿಯರನ್ನು, ಎಲ್ಲರನ್ನೂ ಕಾಲ ಕಸದಂತೆ ಕಂಡು ಸಮಾಜ ತಿದ್ದಲು ಹೊರಟಿದ್ದಳಲ್ಲ!

ಅವಳು ಓಡಿದ್ದು ಅವನ ಕಚೇರಿಗೆ. ಒಳಗಿನಿಂದ ಅವನ ಮೇಲಧಿಕಾರಿಯ ಕೂಗು ಬಾಗಿಲವರೆಗೂ ಕೇಳುತ್ತಿತ್ತು.

"ಒಂದೂ ಫೋಟೊ ಇಲ್ವಾ? ಹಾಗಾದ್ರೆ ಬದಲಾವಣೆ ಆಗಿದೆ ಅಂತ ಹೇಗ್ರೀ ನಂಬೋದು?" ಆ ದೊಡ್ಡ ಮನುಷ್ಯರು ಧುಮುಗುಟ್ಟುತ್ತ ಹೊರಟುಹೋದರು.

ಅವನು ತಲೆಯೆತ್ತಿದ. ಬಾಗಿಲಲ್ಲಿ ಅವಳು.

"ಇವತ್ತು ನೀವು ಬರ್ಲೇ ಇಲ್ಲ..."

"ಮುಖ ತೋರಿಸ್ಬೇಡ ಅಂದಿದ್ರಿ."

"ತಪ್ಪಾಯ್ತು ಕಣ್ರೀ. ಯಾರನ್ನ ಬೇಕಾದ್ರೂ ಕೀಳಾಗಿ ನೋಡೋದು ನನಗೆ ಸಲೀಸು. ನಿಮ್ಮನ್ನೂ ಹಾಗೇ ನೋಡೋಣ ಅಂತ ತುಂಬಾ ಕಷ್ಟಪಟ್ಟೆ... ಆಗ್ಲೇ ಇಲ್ಲ."

"ಅಂದ್ರೆ?"

"ಅಂದ್ರೆ ಏನು ಅಂದ್ರೆ! ನೀವಂದ್ರೆ ನನಗೆ ಪ್ರಾಣ. ಇದನ್ನೂ ಬಿಡಿಸಿ ಹೇಳ್ಬೇಕಾ?"

ಅವನ ಕಣ್ಣುಗಳು ತುಂಬಿಬಂದವು. "ನಾನೂ ಎಂದೋ ಹೇಳ್ಬೇಕಿತ್ತು. ನನ್ನದು ಎಲ್ಲದರಲ್ಲೂ ನಿಧಾನ. ಕಾಯ್ತೀರಾ?"

"ಕಾಯಲ್ಲ." ಅವಳು ಅವನ ಕೈ ಹಿಡಿದಳು. "ಬೈಕೊಂಡು ಜೊತೇಲೇ ನಡೀತೀನಿ."

"ಎಷ್ಟು ದಿನ ಬೈತೀರಾ?"

"ಬದುಕಿರೋವರೆಗೂ."