ಸೀಸೆಯಲ್ಲಿ ಸಿಕ್ಕಿದ ಮಂಗಟ್ಟೆ ಹಕ್ಕಿ

ಬಹಳ ಹಿಂದೆ, ಸಿರಿವಾಳವೆಂಬ ರಾಜ್ಯದಲ್ಲಿ ಒಂದು ಬೆಟ್ಟವಿತ್ತು. ಅಲ್ಲಿಗೆ ಕೊಡಲಿ ಒಯ್ಯಬಾರದು, ಅಲ್ಲಿ ಬಿಲ್ಲು ಎತ್ತಬಾರದು ಎಂದು ಹಿಂದಿನ ಅರಸರು ಕಟ್ಟಳೆ ಮಾಡಿದ್ದರು. ಬೇರೆಲ್ಲೂ ಉಳಿಯದ ಸಿಂಗಳೀಕಗಳು, ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಿ ಹೂಗಳು ಅಲ್ಲಿ ಬದುಕಿದ್ದವು. ಬೆಟ್ಟದ ಕಾವಲಿಗೆ ಕೇತಮ್ಮ ಎಂಬ ಹೆಂಗಸಿದ್ದಳು.

ಅರಸ ಜಯಕೀರ್ತಿಯ ಕಾಲದಲ್ಲಿ ಕಪಾಲದತ್ತನೆಂಬ ಮಾಂತ್ರಿಕ ಬಂದ. “ಪ್ರಭು, ಅಪರೂಪದ ಜೀವಗಳು ಬೆಟ್ಟದಲ್ಲಿದ್ದರೆ ಸತ್ತುಹೋಗುತ್ತವೆ. ನಾನು ಕಾಪಾಡುತ್ತೇನೆ” ಎಂದ. ಅರಸ ತಲೆಯಾಡಿಸಿ ತನ್ನ ಮುದ್ರೆಯುಂಗುರ ಕೊಟ್ಟ. ಮಾಂತ್ರಿಕ ಒಂದೊಂದೇ ಪ್ರಾಣಿಯನ್ನು, ಒಂದೊಂದೇ ಗಿಡವನ್ನು ಹೆಬ್ಬೆರಳಿನಷ್ಟು ಮಾಡಿ ಗಾಜಿನ ಸೀಸೆಗೆ ತುಂಬಿದ; ಮುದ್ರೆಯೊತ್ತಿ ಅರಮನೆಯಲ್ಲಿ ಸಾಲಾಗಿ ಇಟ್ಟ. ಅತಿಥಿಗಳು ನೋಡಿ ಚಪ್ಪಾಳೆ ತಟ್ಟಿದರು.

ಒಂದು ಬೆಳಗ್ಗೆ ಗಂಡು ಮಂಗಟ್ಟೆ ಹಕ್ಕಿಯೂ ಸೀಸೆ ಸೇರಿತು. ಹೆಣ್ಣು ಮರದ ಪೊಟರೆಯ ಬಾಯಿಗೆ ಮಣ್ಣು ಮೆತ್ತಿಕೊಂಡು ಮರಿಗಳೊಂದಿಗೆ ಒಳಗೆ ಕುಳಿತಿತ್ತು. ಸಣ್ಣ ಸೀಳಿನಿಂದ ಗಂಡು ಹಣ್ಣು ತಂದುಕೊಟ್ಟರಷ್ಟೇ ಅವಕ್ಕೆ ಊಟ. ಕೇತಮ್ಮ ಮರ ಹತ್ತಿ ಅತ್ತಿಹಣ್ಣು ಚಾಚಿದಳು. ಹೆಣ್ಣು ಕೊಕ್ಕು ತೆರೆಯಲಿಲ್ಲ.

“ಇದನ್ನಾ ಕಾಪಾಡೋದು ಅನ್ನೋದು?” ಕೇತಮ್ಮನ ಮೈಯೆಲ್ಲ ಉರಿಯಿತು. ನೇರ ಅರಮನೆಗೆ ನಡೆದಳು.

ಮೊದಲ ಬಾಗಿಲಲ್ಲಿ ಮಾಂತ್ರಿಕ ಕಾವಲಿಗಿಟ್ಟ ಕಬ್ಬಿಣದ ಕೂದಲಿನ ಕರಡಿ ನಿಂತಿತ್ತು. “ಹಿಂದಕ್ಕೆ ಹೋಗು” ಎಂದಿತು.

“ನಿನ್ನವ್ವ ನಿನ್ನನ್ನ ಹೆತ್ತ ಗವಿ ನನಗೆ ಗೊತ್ತು. ನೀನು ಯಾರ ಬಾಗಿಲು ಕಾಯ್ತಾ ಇದೀಯ?”

ಕರಡಿ ತಲೆ ತಗ್ಗಿಸಿ ಸರಿಯಿತು.

ಎರಡನೆಯ ಬಾಗಿಲಲ್ಲಿ ಬೆಂಕಿಯ ಹಾವು. ಅದಕ್ಕೆ ಮಾತು ಕೇಳಿಸದು. ಕೇತಮ್ಮ ಸೆರಗು ಬಿಗಿದು ಅದರ ಮೇಲೆಯೇ ನಡೆದಳು. ಅಂಗಾಲು ಬೊಬ್ಬೆಯೆದ್ದಿತು, ಅವಳು ನಿಲ್ಲಲಿಲ್ಲ.

ಮೂರನೆಯ ಬಾಗಿಲಲ್ಲಿ, ಅರಸನ ಎದುರಿಗೇ, ಕಪಾಲದತ್ತ ನಗುತ್ತ ನಿಂತಿದ್ದ. “ಒಂದು ಹಕ್ಕಿಗೆ ಇಷ್ಟು ರಂಪವೇನಮ್ಮಾ? ತಗೋ, ಒಯ್ಯಿ. ಉಳಿದವುಗಳ ಮಾತೆತ್ತಬೇಡ.”

ಮಂಗಟ್ಟೆಯ ಸೀಸೆ ಅವಳ ಕೈಗೇ ಬಂತು. ಹಸಿದ ಮರಿಗಳು ಕಣ್ಣಿಗೆ ಕಟ್ಟಿದವು. ಆದರೆ ಸುತ್ತಲೂ ಸಾವಿರ ಸೀಸೆಗಳಿದ್ದವು.

“ಬೆಟ್ಟ ನಿನ್ನಪ್ಪನ ಮನೆ ಸೊತ್ತಾ, ಹಂಚಿ ಕೊಡೋಕೆ?” ಎಂದು ಗುಡುಗಿ, ಸಿಂಹಾಸನದತ್ತ ತಿರುಗಿದಳು. “ಸ್ವಾಮಿ, ಈ ಸೀಸೆಗೆ ಕಿವಿ ಕೊಡಿ. ನಿಮ್ಮ ಮುದ್ರೆಯ ಕೆಳಗೆ ಏನು ನಡೀತಿದೆ ಕೇಳಿ!”

ಅರಸ ಕಿವಿಗೊಟ್ಟ. ಕೊಕ್ಕು ಗಾಜಿಗೆ ಟಕಟಕನೆ ಬಡಿಯುತ್ತಲೇ ಇತ್ತು. ಅವನು ಸಾಲು ಸೀಸೆಗಳತ್ತ ತಿರುಗಿದ. “ಎಲ್ಲವೂ ಹೀಗೇ ಬಡಿದುಕೊಳ್ಳುತ್ತಿವೆಯಾ?”

“ಎಲ್ಲವೂ. ಚಪ್ಪಾಳೆಯ ಸದ್ದಿನಲ್ಲಿ ನಿಮಗೆ ಕೇಳಿಸಲಿಲ್ಲ, ಅಷ್ಟೆ.”

ಅರಸ ಮಾಂತ್ರಿಕನ ಬೆರಳಿನಿಂದ ಉಂಗುರ ಕಿತ್ತು ಕಲ್ಲಿಗೆ ಅಪ್ಪಳಿಸಿದ. ಸೀಸೆಗಳೆಲ್ಲ ಸಿಡಿದವು. ಪ್ರಾಣಿಗಳು ಮೊದಲಿನಷ್ಟಾಗಿ ಬೆಟ್ಟಕ್ಕೆ ಓಡಿದವು; ಎಲ್ಲಕ್ಕಿಂತ ಮುಂದೆ ಮಂಗಟ್ಟೆ ಹಾರಿ, ಪೊಟರೆಯ ಸೀಳಿಗೆ ಹಣ್ಣು ಮುಟ್ಟಿಸಿತು. ಮಂತ್ರ ತಿರುಗಿಬಿದ್ದು ಕಪಾಲದತ್ತ ಕುಗ್ಗಿ ಕುಗ್ಗಿ ಸಾಸಿವೆಯಷ್ಟಾಗಿ ನೆಲದ ಬಿರುಕಿನಲ್ಲಿ ಅಡಗಿಹೋದ.

“ಕೇತಮ್ಮ, ನನ್ನನ್ನು ಕ್ಷಮಿಸು” ಎಂದ ಅರಸ.

“ನನ್ನನ್ನ ಏನು ಕೇಳ್ತೀರಿ ಸ್ವಾಮಿ? ಗಿಡಗಳಿಗೆ ಕಾಲಿಲ್ಲ. ಹೊತ್ತು ನಡೀರಿ.”

ಅರಸ ಬುಟ್ಟಿ ಹೊತ್ತು ಏಳು ದಿನ ಬೆಟ್ಟ ಹತ್ತಿ ಇಳಿದ, ಒಂದೊಂದು ಗಿಡವನ್ನೂ ತನ್ನ ಕೈಯಾರೆ ನೆಟ್ಟ. ಏಳನೆಯ ಸಂಜೆ ಕೇತಮ್ಮನ ಸಿಟ್ಟು ಇಳಿಯಿತು. ಅವನಿಗೊಂದು ಚೊಂಬು ನೀರು ಕೊಟ್ಟಳು. ಅಂದಿನಿಂದ ಸಿರಿವಾಳದಲ್ಲಿ ಕಾಡೂ ನಾಡೂ ಸುಖವಾಗಿ ಬಾಳಿದವು.