ಕೊಳಲು ಕೆಟ್ಟಿರಲಿಲ್ಲ

"ಚಾಪೆ ಮೇಲೆ ಬಿತ್ತು ಅಂತ ಎಷ್ಟು ಸಲ ಹೇಳಲಿ!" ತುಂಗಾ ಕಾಲನ್ನು ನೆಲಕ್ಕೆ ಅಪ್ಪಳಿಸಿದಳು. "ಚಾಪೆ ಮೇಲೆ! ಚಾಪೆ ಮೇಲೆ!"

"ಚಾಪೆ ಮೇಲೋ ನೆಲದ ಮೇಲೋ, ಬೀಳಿಸಿದ್ದು ನೀನೇ ತಾನೇ?" ಎಂದ ಅಣ್ಣ ತಿರುಮಲೇಶ. "ಅವತ್ತಿಂದಲೇ ಇದು ಕೆಟ್ಟಿದೆ. ಬೇಕಾದ್ರೆ ಕೇಳು."

ಅವನು ಕೊಳಲನ್ನು ತುಟಿಗಿಟ್ಟು ಊದಿದ. ಕೆಳಗಿನ ಸ್ವರಗಳು ಹೇಗೋ ಬಂದವು. ಮೇಲೆ ಹೋಗ್ತಾ ಹೋಗ್ತಾ ದನಿ ತೆಳುವಾಯಿತು. ಕೊನೆಗೆ ಬರೀ ಗಾಳಿ. ಬುಸ್ಸ್...

"ಸ್ಟವ್‌ಗೆ ಪಂಪ್ ಹೊಡೆದ ಹಾಗಿದೆ," ಎಂದಳು ತುಂಗಾ.

ಹಾಗನ್ನಬಾರದಿತ್ತು. ಅಣ್ಣನ ಕಿವಿ ಕೆಂಪಾಯಿತು.

"ಅಮ್ಮಾ! ಇವಳನ್ನ ಕರ್ಕೋ ಇಲ್ಲಿಂದ!"

ತುಂಗಾಗೆ ಹತ್ತು ವರ್ಷ, ಐದನೇ ಕ್ಲಾಸು. ತಿರುಮಲೇಶನಿಗೆ ಹದಿನೇಳು ತುಂಬಿ ಆರು ತಿಂಗಳಾಗಿತ್ತು, ಪಿ.ಯು.ಸಿ. ಓದುತ್ತಿದ್ದ. ಅವನು ಕೊಳಲು ಹಿಡಿದಾಗ ತುಂಗಾಳಷ್ಟೇ ಇದ್ದನಂತೆ. ವೆಸ್ಟ್ ಮಾಂಬಲಂನ ಅವರ ಓಣಿಯಲ್ಲಿ ಸಂಜೆ ಅವನು ಕೊಳಲು ಊದಿದರೆ ಎದುರು ಮನೆಯವರು ರೇಡಿಯೋ ಆರಿಸುತ್ತಿದ್ದರು. ಈಗ ಸಂಗೀತ ಸಭಾದಲ್ಲಿ ಒಂದು ಸ್ಪರ್ಧೆ ಇತ್ತು. ಹದಿನೆಂಟು ತುಂಬದವರಿಗೆ ಮಾತ್ರ. ಮುಂದಿನ ವರ್ಷ ಅವನು ಸೇರುವ ಹಾಗಿರಲಿಲ್ಲ.

ಮೂರು ವಾರದ ಹಿಂದೆ ಬೆಂಚಿನ ಮೇಲೆ ಹರಡಿದ್ದ ಬಟ್ಟೆ ತೆಗೆದಿಡು ಎಂದು ಅಮ್ಮ ಹೇಳಿದ್ದಳು. ಬಟ್ಟೆಯ ಅಡಿಯಲ್ಲಿ ಕೊಳಲಿದ್ದದ್ದು ತುಂಗಾಗೆ ಹೇಗೆ ಗೊತ್ತಾಗಬೇಕು? ಅದು ಜಾರಿ ಬಿತ್ತು, ಚಾಪೆಯ ಮೇಲೆ. ಒಡೆದಿರಲಿಲ್ಲ. ಒಂದು ಗೀರೂ ಇರಲಿಲ್ಲ.

ಆದರೂ ಅವತ್ತಿನಿಂದ ಅವಳ ಗ್ರಹಚಾರ ಶುರುವಾಯಿತು. ಅಣ್ಣನ ಮೂಲೆಯ ಹತ್ತಿರ ಸುಳಿಯಬಾರದು. ಮನೆಯೊಳಗೆ ಸ್ಕಿಪ್ಪಿಂಗ್ ಆಡಬಾರದು. "ಕೃಷ್ಣನ ವಾದ್ಯ ಅದು, ಕಾಲಿಗೆ ತಾಗಿತೋ ಏನೋ," ಎಂದು ಅಂಬುಜಮ್ಮಜ್ಜಿ ಅವಳಿಂದ ದೇವರಿಗೆ ಹನ್ನೊಂದು ನಮಸ್ಕಾರ ಮಾಡಿಸಿದರು. ಮಾಡಿದಳು. ಕೊಳಲು ಹನ್ನೊಂದರಲ್ಲಿ ಒಂದು ಪಾಲೂ ಸರಿಹೋಗಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಅಪ್ಪ, "ಸ್ಪರ್ಧೆಗೆ ಇನ್ನೆಷ್ಟು ದಿನ?" ಎಂದು ಕೇಳುವರು. ಅಣ್ಣ ಉತ್ತರ ಹೇಳದೆ ತುಂಗಾಳನ್ನು ನೋಡುವನು. ಆಮೇಲೆ ಎಲ್ಲರೂ ಅವಳನ್ನೇ ನೋಡುವರು.

ಸಾಕಾಗಿ ಹೋಯಿತು ಅವಳಿಗೆ. ರಾತ್ರಿ ಮಲಗಿದಾಗ ಅವಳಿಗೇ ಅನುಮಾನ ಬರತೊಡಗಿತ್ತು. ನಿಜವಾಗಿಯೂ ಚಾಪೆಯ ಮೇಲೆ ಬಿತ್ತಾ? ಚಾಪೆಯ ಅಂಚಿಗೆ ಬಿತ್ತಾ?

ಅಣ್ಣನಿಗೆ ಕಲಿಸುತ್ತಿದ್ದ ವಿಷ್ಣುತೀರ್ಥ ಮೇಷ್ಟ್ರು ಒಂದು ತಿಂಗಳಿಂದ ಮಗಳ ಊರಿಗೆ ಹೋಗಿದ್ದರು. ಶುಕ್ರವಾರ ವಾಪಸು ಬಂದರು ಎಂದು ಗೊತ್ತಾಯಿತು. ಶನಿವಾರ ಬೆಳಿಗ್ಗೆ ಅಣ್ಣ ಕ್ಷೌರಕ್ಕೆ ಹೋದದ್ದೇ ತಡ, ತುಂಗಾ ಕೊಳಲಿನ ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಅಪ್ಪಿಕೊಂಡು ಮನೆಯಿಂದ ಹೊರಬಿದ್ದಳು. ಮೇಷ್ಟ್ರ ಮನೆಯಿದ್ದ ಆರ್ಯಗೌಡ ರೋಡಿನವರೆಗೂ ಓಡಲಿಲ್ಲ. ಎಡವಿ ಮತ್ತೆ ಬೀಳಿಸಿದರೆ? ಸೊಳ್ಳೆ ಕಚ್ಚಿದರೂ ಕೈ ತೆಗೆದು ಹೊಡೆಯಲಿಲ್ಲ.

"ಮೇಷ್ಟ್ರೇ, ಇದು ಕೆಟ್ಟಿದೆಯಾ ನೋಡಿ. ನಿಜ ಹೇಳಿ. ನನಗೆ ಬೇಜಾರಾಗತ್ತೆ ಅಂತ ಸುಳ್ಳು ಹೇಳಬೇಡಿ."

ಮೇಷ್ಟ್ರು ಕೊಳಲನ್ನು ತಿರುಗಿಸಿ ನೋಡಿದರು. ತೂತುಗಳ ಮೇಲೆ ಬೆರಳು ಆಡಿಸಿದರು. ಆಮೇಲೆ ಊದಿದರು.

ಕೆಳಗಿನಿಂದ ಮೇಲಿನವರೆಗೆ ಎಲ್ಲ ಸ್ವರಗಳೂ ಒಂದಾದ ಮೇಲೊಂದು ಬಂದವು. ಅಣ್ಣನಿಗೆ ಬರದೇ ಹೋದ ಮೇಲಿನ ಸ್ವರವೂ ಬಂತು. ಗುಂಡಗೆ, ಸ್ವಚ್ಛವಾಗಿ. ಪಕ್ಕದ ಮನೆಯ ಹೆಂಗಸು ಕಿಟಕಿಯಲ್ಲಿ ಇಣುಕಿದಳು.

"ಏನಾಗಿದೆಯಮ್ಮ ಇದಕ್ಕೆ? ಚೆನ್ನಾಗೇ ಇದೆಯಲ್ಲ!"

ತುಂಗಾ ಈಗ ಓಡಿದಳು.

"ಕೊಳಲು ಸರಿ ಇದೆ!" ಬಾಗಿಲಲ್ಲೇ ಕೂಗಿದಳು. "ಮೇಷ್ಟ್ರೇ ಊದಿದ್ರು! ಎಲ್ಲಾ ಸ್ವರ ಬಂತು! ಬೇಕಾದ್ರೆ ಹೋಗಿ ಕೇಳಿ!"

ಅಮ್ಮ ಅಡಿಗೆಮನೆಯಿಂದ ಬಂದಳು. ಅಪ್ಪ ಪೇಪರು ಕೆಳಗಿಟ್ಟರು. ಆಗತಾನೇ ತಲೆಗೆ ನೀರು ಹಾಕಿಕೊಂಡು ಬಂದಿದ್ದ ತಿರುಮಲೇಶ ಟವಲು ಹೆಗಲಿಗೆಸೆದು ಕೊಳಲನ್ನು ಅವಳ ಕೈಯಿಂದ ಕಿತ್ತುಕೊಂಡ. ಊದಿದ. ಬುಸ್ಸ್... ಇನ್ನೊಂದು ಸಲ ಊದಿದ. ತುಟಿ ಒರೆಸಿಕೊಂಡು ಮತ್ತೊಂದು ಸಲ. ಬರೀ ಗಾಳಿ.

ತುಂಗಾ 'ಸಾರಿ' ಅನ್ನುವ ಮಾತಿಗೆ ಕಾಯುತ್ತ ನಿಂತಿದ್ದಳು. ಅದಕ್ಕೆ ಏನು ಹೇಳಬೇಕು ಅಂತಲೂ ದಾರಿಯಲ್ಲೇ ಯೋಚಿಸಿಟ್ಟಿದ್ದಳು.

ಅಣ್ಣ ಬೆಂಚಿನ ಮೇಲೆ ಕುಸಿದು ಕುಳಿತ. "ಹಾಗಾದ್ರೆ ಕೆಟ್ಟಿರೋದು ನಾನಾ?" ಎಂದ.

ಅವನು ಕೊಳಲನ್ನು ಚೀಲಕ್ಕೆ ಹಾಕಿ, ಚೀಲವನ್ನು ಬೀರುವಿನ ಮೇಲೆ ತಳ್ಳಿ, ಹೊರಗೆ ಹೋಗಿಬಿಟ್ಟ. ಅಮ್ಮ ಅವನ ಹಿಂದೆಯೇ ಹೋದಳು. ಅಪ್ಪ ಪೇಪರನ್ನು ತಲೆಕೆಳಗಾಗಿ ಹಿಡಿದುಕೊಂಡರು. ತುಂಗಾ ಗೆದ್ದಿದ್ದಳು. ಆದರೆ ಅದು ಒಬ್ಬರ ಕಣ್ಣಿಗೂ ಬೀಳಲಿಲ್ಲ. ಇದೆಂಥ ಮನೆ!

ಸೋಮವಾರ ಊಟದ ಹೊತ್ತಿಗೆ ಇನ್ನೊಂದು ಕತೆಯಾಯಿತು. ಎರಡು ವರ್ಷದ ಹಿಂದೆ ಕ್ರಿಕೆಟ್ ಚೆಂಡು ತಗುಲಿ ತಿರುಮಲೇಶನ ಮೇಲಿನ ಮುಂದಿನ ಹಲ್ಲೊಂದು ಹೋಗಿತ್ತು. ಅಲ್ಲಿಗೆ ಒಂದು ಕಟ್ಟುಹಲ್ಲು ಹಾಕಿಸಿದ್ದರು. ಅಂಗುಳಿಗೆ ಕೂರುವ ಗುಲಾಬಿ ಬಣ್ಣದ ಪ್ಲೇಟು, ಅದಕ್ಕೆ ಅಂಟಿದ ಒಂದೇ ಹಲ್ಲು. ಸಾರನ್ನ ಅಗಿಯುತ್ತಿದ್ದ ಹಾಗೇ ಕಟ್ ಎಂದು ಸದ್ದಾಯಿತು. ಪ್ಲೇಟು ಎರಡು ತುಂಡಾಗಿ ತಟ್ಟೆಗೆ ಬಿತ್ತು.

"ಒಂದು ತಿಂಗಳಿಂದ ಸಡಿಲ ಆಗಿತ್ತು," ಎಂದ ಅವನು ಬಾಯಿಗೆ ಕೈ ಅಡ್ಡ ಹಿಡಿದು. "ಊಟ ಮಾಡುವಾಗ ಕೆಳಗಿನ ಹಲ್ಲು ಅದಕ್ಕೆ ಗುದ್ದತ್ತೆ."

"ಹೇಳೋದಲ್ವೇನೋ?" ಅಮ್ಮ ಹಣೆ ಚಚ್ಚಿಕೊಂಡಳು. "ನಾಳೆ ಸ್ಕೂಲಿಗೆ ರಜ ತಾನೇ, ತುಂಗಾ? ಇವನ ಜೊತೆ ನುಂಗಂಬಾಕ್ಕಂಗೆ ಹೋಗು, ಗೋದಾಬಾಯಿ ಡಾಕ್ಟರ ಹತ್ರ."

"ನಾನ್ಯಾಕೆ?"

"ಮಾತಾಡೋದಕ್ಕೆ. ಅವನು ಬಾಯಿ ತೆಗೆಯಲ್ಲ ಅಂತಿದಾನೆ."

ನಿಜವಾಗಿಯೂ ತೆಗೆಯಲಿಲ್ಲ. ಮಾಂಬಲಂ ಸ್ಟೇಷನ್ನಿನಲ್ಲಿ ಅಣ್ಣ ಬಾಯಿಗೆ ಕರ್ಚೀಫು ಒತ್ತಿಕೊಂಡು ಕಂಬದ ಹತ್ತಿರ ನಿಂತ. ತುದಿಗಾಲಲ್ಲಿ ನಿಂತು ತಮಿಳಿನಲ್ಲಿ ಟಿಕೆಟ್ ಕೇಳಬೇಕಾದವಳು ತುಂಗಾ.

"ರೆಂಡು ನುಂಗಂಬಾಕ್ಕಂ, ಸಾರ್. ಒಣ್ಣು ಹಾಫ್."

"ಏನ್, ಅವನುಕ್ಕು ವಾಯ್ ಇಲ್ಲಿಯಾ?" ಎಂದು ಟಿಕೆಟಿನವನು ಕೇಳಿದ. ಅವನಿಗೆ ಬಾಯಿಲ್ಲವಾ ಅಂತೆ!

"ಇರುಕ್ಕು ಸಾರ್, ರಿಪೇರಿ," ಎಂದಳು ತುಂಗಾ. ಕರ್ಚೀಫಿನ ಹಿಂದಿನಿಂದ ಅಣ್ಣ ಗುರ್ರೆಂದ.

ಗೋದಾಬಾಯಿ ಡಾಕ್ಟರು ಧಾರವಾಡದ ಕಡೆಯವರು. ನೆರೆತ ಕೂದಲು, ದಪ್ಪ ಕನ್ನಡಕ, ಸೀರೆಯ ಮೇಲೊಂದು ಬಿಳಿ ಕೋಟು. ಮುರಿದ ಪ್ಲೇಟು ನೋಡಿದರು, ತಿರುಮಲೇಶನ ಬಾಯಿ ನೋಡಿದರು, ಮತ್ತೆ ಪ್ಲೇಟು ನೋಡಿದರು.

"ಹಲ್ಲು ಕಚ್ಚಪಾ. ಇನ್ನೊಮ್ಮೆ ಕಚ್ಚು. ಹೂಂ..."

ಬಿಸಿನೀರಿನಲ್ಲಿ ಮೆತ್ತಗಾಗಿದ್ದ, ಮೇಣದಂಥದ್ದನ್ನು ಅವನ ಬಾಯೊಳಗೆ ಒತ್ತಿ ಮೇಲಿನ ಹಲ್ಲಿನ ಅಚ್ಚು ತೆಗೆದರು. ಆಮೇಲೆ ಕೆಳಗಿನದು. ಅಚ್ಚಿಗೆ ಪ್ಲಾಸ್ಟರು ಸುರಿದರು. ಅದು ಗಟ್ಟಿಯಾಗುವವರೆಗೂ ತುಂಗಾ ಬೆಂಚಿನ ಮೇಲೆ ಕಾಲು ಆಡಿಸುತ್ತ ಕೂತಿದ್ದಳು. ಡಾಕ್ಟರು ಬೀರು ತೆಗೆದು, ಧೂಳು ಊದಿ, ಹಳೆಯ ಪ್ಲಾಸ್ಟರಿನ ಹಲ್ಲುಗಳನ್ನು ಹೊರತೆಗೆದರು. ಅದರ ಮೇಲೆ ಪೆನ್ಸಿಲಿನಲ್ಲಿ 'ತಿರುಮಲೇಶ' ಎಂದು ಬರೆದಿತ್ತು.

"ಬಾರವಾ, ನೀನೂ ನೋಡು. ಇದು ಎರಡು ವರ್ಷದ ಹಿಂದಿನ ನಿಮ್ಮಣ್ಣನ ಬಾಯಿ. ಇದು ಇವತ್ತಿಂದು."

ಹಳೆಯದರಲ್ಲಿ ಮೇಲಿನ ಹಲ್ಲುಗಳು ಕೆಳಗಿನ ಹಲ್ಲುಗಳ ಮುಂದೆ ಸೂರಿನ ಹಾಗೆ ಬಾಗಿದ್ದವು. ಹೊಸದರಲ್ಲಿ ಮೇಲಿನದೂ ಕೆಳಗಿನದೂ ತುದಿಗೆ ತುದಿ ತಾಗಿ ನಿಂತಿದ್ದವು.

"ಕೆಳಗಿನದು ಮುಂದೆ ಬಂದಿದೆ!" ಎಂದಳು ತುಂಗಾ.

"ಶಾಣ್ಯಾ ಇದ್ದಿ. ಕೆಳದವಡಿ ಬೆಳದದ. ಅದಕ್ಕ ಕೆಳಗಿನ ಹಲ್ಲು ಕಟ್ಟುಹಲ್ಲಿಗೆ ಗುದ್ದೀ ಗುದ್ದೀ ಪ್ಲೇಟು ಮುರಿದದ."

ತಿರುಮಲೇಶ ಕರ್ಚೀಫು ಮರೆತೇಬಿಟ್ಟ. "ದವಡೆ ಬೆಳೆಯೋದಾ? ನಾನು ಉದ್ದ ಆಗೋದೇ ನಿಂತುಹೋಗಿದೆ, ಡಾಕ್ಟ್ರೇ!"

"ಉದ್ದ ಆಗೋದು ನಿಂತರೂ ಇದು ನಿಲ್ಲೂದಿಲ್ಲ. ಗಂಡುಹುಡುಗರಿಗೆ ಕಡೀಕ ಬೆಳಿಯೋದು ಕೆಳದವಡಿನ. ಹದಿನೆಂಟು, ಕೆಲವರಿಗೆ ಇಪ್ಪತ್ತರ ತನಕಾನೂ ಅಷ್ಟಷ್ಟ ಬೆಳೀತದ."

"ಡಾಕ್ಟ್ರೇ," ತುಂಗಾ ಪ್ಲಾಸ್ಟರಿನಿಂದ ಕಣ್ಣು ತೆಗೆಯದೆ ಕೇಳಿದಳು, "ಅದಕ್ಕೇನಾ ಇವನ ಕೊಳಲಲ್ಲಿ ಬರೀ ಗಾಳಿ ಬರೋದು?"

ಕೊಳಲಿನ ಸಮಾಚಾರ ಡಾಕ್ಟರಿಗೆ ಗೊತ್ತಿರಲಿಲ್ಲ. ತುಂಗಾ ಎಲ್ಲವನ್ನೂ ಹೇಳಿದಳು, ಚಾಪೆಯ ವಿಷಯವನ್ನೂ ಬಿಡಲಿಲ್ಲ.

"ಕೊಳಲು ನನಗ ತಿಳಿಯೂದಿಲ್ಲವಾ. ಆದರ ತುಟಿ ಹಲ್ಲಿನ ಮ್ಯಾಲೆ ಕೂತಿರ್ತದ, ಹಲ್ಲು ದವಡಿ ಮ್ಯಾಲೆ. ದವಡಿ ಸರಿದರ ತುಟಿ ಹಳೇ ಜಾಗಾದಾಗ ಹೆಂಗ ಇದ್ದೀತು? ನಿಮ್ಮ ಮಾಸ್ತರರನ್ನ ಕೇಳ್ರಿ."

"ಸ್ಪರ್ಧೆ ಇನ್ನು ಹನ್ನೆರಡು ದಿನಕ್ಕೆ ಇದೆ," ಎಂದ ಅಣ್ಣ. "ಅಷ್ಟರೊಳಗೆ ಬೆಳೆಯೋದು ನಿಲ್ಲತ್ತಾ?"

"ಇಲ್ಲಪಾ."

"ಹಾಗಾದ್ರೆ ನನ್ನ ಬಾಯಿ ಎಲ್ಲಿದೆ ಅಂತ ನಾನೇ ಹುಡುಕ್ತಾ ಇರಬೇಕಾ? ನನ್ನ ಕೇಳದೇನೇ ಅದು ಹೇಗೆ ಬೆಳೆಯತ್ತೆ?" ಅವನ ದನಿ ಒಡೆಯಿತು. ಡಾಕ್ಟರು ಅವನ ಬೆನ್ನು ತಟ್ಟಿದರು. ಹೊಸ ಪ್ಲೇಟು ಮುಂದಿನ ವಾರ ಎಂದರು. ಒಂದು ವರ್ಷಕ್ಕೆ ಅದನ್ನೂ ಬದಲಾಯಿಸಬೇಕಾಗಬಹುದು ಎಂದೂ ಹೇಳಿದರು.

ವಾಪಸು ಬರುವಾಗ ರೈಲಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಅಣ್ಣ, "ಚಾಪೆ ಮೇಲೇ ಬಿದ್ದಿದ್ದು, ಅಲ್ವಾ?" ಎಂದ.

"ಮೂರು ವಾರದಿಂದ ಅದನ್ನೇ ಬಡ್ಕೊಳ್ತಿದೀನಿ."

"ಹೂಂ."

ಅಷ್ಟೇ. ಕೋಡಂಬಾಕ್ಕಂ ಬಂತು, ಹೋಯಿತು. 'ಸಾರಿ' ಬರಲಿಲ್ಲ. ತುಂಗಾ ಮುಖ ತಿರುಗಿಸಿ ಕೂತಳು.

ಮನೆಯಲ್ಲಿ ವಿಷಯ ಕೇಳಿ ಅಜ್ಜಿ, "ಇವನ ತಾತನಿಗೂ ಮದುವೆಯಾದ ಮೇಲೇ ಗದ್ದ ಉದ್ದ ಬಂದಿದ್ದು. ನಾನು ನೋಡಿದ ವರನೇ ಬೇರೆ," ಎಂದು ನಕ್ಕರು. ತಿರುಮಲೇಶ ನಗಲಿಲ್ಲ. ಬೀರುವಿನ ಮೇಲಿಂದ ಚೀಲ ಇಳಿಸಿಕೊಂಡು ಮೇಷ್ಟ್ರ ಮನೆಗೆ ಹೋದ. ಮೇಷ್ಟ್ರು ಅವನ ಗದ್ದ ಹಿಡಿದು, ಕೊಳಲನ್ನು ಕೂದಲೆಳೆಯಷ್ಟು ಆಚೆ ಹೊರಳಿಸಿ, "ಹಳೇ ಜಾಗ ಮರೆತುಬಿಡು. ಹೊಸದಾಗಿ ಹುಡುಕು," ಎಂದರಂತೆ.

ಹನ್ನೆರಡು ದಿನ ಸಾಲಲಿಲ್ಲ. ಸ್ಪರ್ಧೆಯ ದಿನ ತಿರುಮಲೇಶ ಹೊಸ ಪ್ಲೇಟು ಹಾಕಿಕೊಂಡು ವೇದಿಕೆ ಹತ್ತಿದ. ಕೆಳಗಿನ ಸ್ವರಗಳಿಗೆ ಜನ ತಲೆದೂಗಿದರು. ಮೇಲೆ ಹೋದಾಗ ಎರಡು ಕಡೆ ಗಾಳಿ ಬಂತು. ಒಂದು ಸಲ ಅವನು ಕೊಳಲು ಇಳಿಸಿ, ತುಟಿ ಸರಿಮಾಡಿಕೊಂಡು, ಬಿಟ್ಟಲ್ಲಿಂದಲೇ ಮತ್ತೆ ಶುರುಮಾಡಿದ. ಹಿಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ತುಂಗಾ ತಿರುಗಿ ಅವರನ್ನು ದುರುಗುಟ್ಟಿಕೊಂಡು ನೋಡಿದಳು. ಬಹುಮಾನ ಬೇರೆಯವರಿಗೆ ಹೋಯಿತು.

ಇನ್ನು ಕೆಲವು ದಿನವಾದರೂ ಕೊಳಲಿನ ಸದ್ದಿರಲ್ಲ ಎಂದುಕೊಂಡಿದ್ದಳು ತುಂಗಾ. ಆದರೆ ಮರುದಿನ ಬೆಳಿಗ್ಗೆ ಅವಳು ಲೆಕ್ಕದ ಹೋಂವರ್ಕಿಗೆ ಕೂತ ಹೊತ್ತಿಗೇ ಶುರುವಾಯಿತು. ಬುಸ್ಸ್... ಒಂದು ಭಾಗಾಕಾರ ತಪ್ಪಿತು. ಬುಸ್ಸ್... ಅಳಿಸಿ ಮಾಡಿದಳು, ಮತ್ತೆ ತಪ್ಪಿತು.

'ಹೊರಗೆ ಹೋಗಿ ಊದಬಾರದಾ?' ಎಂದು ಕೂಗಲು ತಲೆಯೆತ್ತಿದಳು.

ಅಣ್ಣ ಗೋಡೆಯ ಕನ್ನಡಿಯ ಮುಂದೆ ನಿಂತಿದ್ದ. ಅವಳು ನೋಡುತ್ತಿರುವುದು ಅವನಿಗೆ ಗೊತ್ತಿರಲಿಲ್ಲ. ಬೆರಳಿನಿಂದ ಕೆಳತುಟಿಯ ಕೆಳಗೆ ತಡವಿಕೊಳ್ಳುತ್ತಿದ್ದ, ಕತ್ತಲೆಯಲ್ಲಿ ಸ್ವಿಚ್ಚಿಗೆ ಗೋಡೆ ತಡವುವ ಹಾಗೆ. ಕೊಳಲಿಟ್ಟ. ತೆಗೆದ. ಮತ್ತೆ ತಡವಿದ. ಏಳು ವರ್ಷ ನೋಡದೆಯೇ ಸಿಗುತ್ತಿದ್ದ ಜಾಗ ಅದು. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಹೆದರಿಕೆ ಇತ್ತು. ಮೂರು ವಾರ ತನ್ನನ್ನು ಬೈಯುವಾಗಲೂ ಇದೇ ಇದ್ದಿರಬೇಕು ಅನ್ನಿಸಿತು ತುಂಗಾಗೆ. ದವಡೆಯನ್ನು ಬೈಯೋದಕ್ಕಂತೂ ಆಗೋದಿಲ್ಲವಲ್ಲ.

ಅವಳು ಪುಸ್ತಕ ಮುಚ್ಚಿದಳು.

"ಅಣ್ಣ, ಕನ್ನಡಿಯಲ್ಲಿ ನೋಡಿದ್ರೆ ಏನು ಗೊತ್ತಾಗತ್ತೆ? ಊದು. ಕಣ್ಣು ಮುಚ್ಚಿಕೊಂಡು ನಾನು ಕೇಳ್ತೀನಿ."

ಅಣ್ಣ ತಿರುಗಿ ನೋಡಿದ. ಈಗ ಜಗಳ ಶುರುವಾಗುತ್ತೇನೋ ಅನ್ನುವ ಹಾಗಿತ್ತು ಅವನ ಮುಖ. ಆಮೇಲೆ ಊದಿದ.

"ಇಲ್ಲ," ಎಂದಳು.

ಕೊಳಲನ್ನು ಒಂದಿಷ್ಟು ಹೊರಳಿಸಿ ಊದಿದ. "ಇದು?"

"ಮೊದಲಿನದೇ ವಾಸಿ."

"ತುಂಗಾ, ಸ್ಕೂಲಿಗೆ ಹೊತ್ತಾಯ್ತು!" ಅಮ್ಮ ಒಳಗಿನಿಂದ ಕೂಗಿದಳು.

"ಇರಮ್ಮ, ಬಂದೆ!"

ಅಣ್ಣ ಉಸಿರೆಳೆದುಕೊಂಡ. ಈ ಸಲ ಗಾಳಿಯ ನಡುವೆ ಒಂದು ಕ್ಷಣ, ಒಂದೇ ಒಂದು ಕ್ಷಣ, ಸ್ವರ ಗುಂಡಗೆ ಬಂದು ಹೋಯಿತು. ಇಬ್ಬರಿಗೂ ಕೇಳಿಸಿತು. ಇಬ್ಬರೂ ಅಲುಗಾಡಲಿಲ್ಲ.

"ಇನ್ನೊಂದ್ಸಲ," ಎಂದಳು ತುಂಗಾ, ಕಣ್ಣು ತೆರೆಯದೆ.