ದೋಣಿ ತಿರುಗಿಸಿದವನು

ಎದುರಿನಿಂದ ಬರುತ್ತಿದ್ದ ದೋಣಿ ಅವಳನ್ನು ಕಂಡದ್ದೇ ತಟ್ಟನೆ ನಿಂತಿತು.

ಮಬಾಂಬಾ ಜೌಗಿನ ಕಾಲುವೆ. ಎರಡೂ ಕಡೆ ಆಳೆತ್ತರದ ಜೊಂಡು. ನಸ್ಸಾಂಗಾಳ ಕೈಯಲ್ಲಿ ಹುಟ್ಟು ಹಾಗೇ ಉಳಿಯಿತು. ಆ ದೋಣಿಯ ಬೆಸ್ತ ಲುಬ್ವಾಮಾನ ಕಣ್ಣು ಅವಳ ಕಣ್ಣಲ್ಲಿ ಒಂದು ಕ್ಷಣ ನಿಂತಿತು...

ಅಷ್ಟೇ! ಅವನು ದೋಣಿ ತಿರುಗಿಸಿ ಜೊಂಡಿನೊಳಗೆ ಮರೆಯಾದ.

'ಇವತ್ತೂ ಹಾಗೇ! ಕಾಲುವೆ ಇಬ್ಬರಿಗೂ ಸಾಕಷ್ಟು ಅಗಲ ಇದೆಯಲ್ಲ...'

ಊರಿನ ಬೆಸ್ತರು ಬುಲ್ವೆಯನ್ನು ಕಂಡರೂ ಹೀಗೇ ತಿರುಗುತ್ತಾರೆ. ಮರದ ಚಪ್ಪಲಿಯಂಥ ಕೊಕ್ಕಿನ ಆ ಬೂದು ಹಕ್ಕಿ ಬೆಳಗ್ಗೆ ಎದುರಾದರೆ ಬಲೆಗೆ ಮೀನು ಬೀಳುವುದಿಲ್ಲವಂತೆ. ಅದನ್ನೇ ನೋಡಲು ದೂರದೂರದಿಂದ ಜನ ಬರುತ್ತಾರೆ. ಅವರನ್ನು ಕರೆದೊಯ್ದು ತೋರಿಸುವುದೇ ನಸ್ಸಾಂಗಾಳ ಕೆಲಸ.

ಮದುವೆ ಗೊತ್ತಾಗಿದ್ದ ಹುಡುಗ ಸರೋವರದಲ್ಲಿ ಮುಳುಗಿಹೋದ. ಎರಡನೆಯವನು ಬೇರೊಬ್ಬಳ ಜೊತೆ ಹೊರಟುಹೋದ. ಆಮೇಲೆ ಊರು ಅವಳಿಗೂ ಬುಲ್ವೆ ಎಂದೇ ಹೆಸರಿಟ್ಟಿತು. ಊರೆಲ್ಲ ಕರೆಯುವ ಹೆಸರಿಗೆ ಒಂದು ದಿನ ನಾವೇ ಓಗೊಟ್ಟುಬಿಡುತ್ತೇವೆ. ಅವಳೂ ಓಗೊಟ್ಟಿದ್ದಳು.

"ಯಾರಮ್ಮಾ ಅವನು? ಜಗಳವೇ?" ಅವಳ ದೋಣಿಯಲ್ಲಿ ಹಿಂದೆ ಕೂತಿದ್ದ ಹೆಂಡ್ರಿಕಾ ಅಜ್ಜಿ ಕೇಳಿದಳು. ಆಫ್ರಿಕಾ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿಗಳನ್ನು ಹುಡುಕುತ್ತಾ ದೇಶದೇಶ ಸುತ್ತಿ ಬಂದವಳು. ಬುಲ್ವೆ ಒಂದೇ ಬಾಕಿ.

"ಮಾತೇ ಇಲ್ಲ ಅಜ್ಜಿ, ಜಗಳ ಎಲ್ಲಿಂದ ಬರಬೇಕು?"

ಜೊಂಡು ದಾಟುತ್ತಲೇ ನೀರಿನಂಚಿನಲ್ಲಿ ಬುಲ್ವೆ ನಿಂತಿತ್ತು. ಕಲ್ಲಿನ ಹಾಗೆ! ಅಜ್ಜಿ ಒಂದರ ಹಿಂದೊಂದು ಫೋಟೋ ತೆಗೆದಳು, ಕಣ್ಣು ತುಂಬಿತು.

"ನಿನ್ನ ಜೊತೆ ಬಂದವರಿಗೆ ಹಕ್ಕಿ ಸಿಕ್ಕೇ ಸಿಗುತ್ತೆ ಅಂದಿದ್ದರು. ಅದೃಷ್ಟವಂತೆ ಕಣೇ ನೀನು!"

ನಸ್ಸಾಂಗಾ ನಕ್ಕಳು. ನಗು ತುಟಿಯಿಂದ ಒಳಗಿಳಿಯಲಿಲ್ಲ.

ಇವತ್ತು ಸಂಜೆಯೊಳಗೆ ಸೆಂಗಾಗೆ ಉತ್ತರ ಕೊಡಬೇಕು. ಸೆಂಗಾ ಅಂದರೆ ಅಪ್ಪನ ತಂಗಿ. ಹೆಣ್ಣಿನ ಮದುವೆ ಮಾತೆಲ್ಲ ಅವಳದೇ. ಬೆಳಗ್ಗೆ ಮಟೋಕೆ ಬಾಳೆಕಾಯಿ ಸುಲಿಯುತ್ತಾ ಹೇಳಿದ್ದಳು: "ಮಸಾಕಾದ ಹುಡುಗ ಕಣೇ. ಹೂಂ ಅನ್ನು, ಇಲ್ಲಾ ಉಹೂಂ ಅನ್ನು. ಆ ಜೊಂಡಿನೊಳಗೆ ಯಾರನ್ನ ಕಾಯ್ತಾ ಕೂತಿದ್ದೀಯೋ ನನಗೆ ಗೊತ್ತಿಲ್ಲ ಅನ್ಕೋಬೇಡ!"

ದಡಕ್ಕೆ ಬಂದಾಗ ಲುಬ್ವಾಮಾ ಬೆಸ್ತರ ಗುಂಪಿನಲ್ಲಿದ್ದ. ಬುಟ್ಟಿ ಖಾಲಿ. ಅವಳಿಗೆ ತಡೆಯಲಾಗಲಿಲ್ಲ.

"ನನ್ನ ಮುಖ ಕಂಡರೆ ಬಲೆ ಬರಿದಾಗುತ್ತಾ?"

ಗುಂಪು ಕಿಸಕ್ಕೆಂದಿತು. ಅವನು ತಲೆ ತಗ್ಗಿಸಿದ.

"ಹೌದು... ಬರಿದಾಗುತ್ತೆ."

ಎದೆಗೇ ಹುಟ್ಟಿನಿಂದ ಹೊಡೆದಂತಾಯಿತು. 'ಆಯ್ತು. ಮಸಾಕಾಗೆ ಹೂಂ ಅಂತೀನಿ!'

ಅತ್ತ ಚಹಾದಂಗಡಿಯ ಬೆಂಚಿನಲ್ಲಿ ಅಜ್ಜಿ ಗೊಣಗುತ್ತಿದ್ದಳು. "ಇಲ್ಲಿ ನೋಡು! ಇಷ್ಟು ಚಂದದ ಫೋಟೋನ ಯಾವನೋ ಹಾಳು ಮಾಡಿದ್ದಾನೆ!"

ನಸ್ಸಾಂಗಾ ಬಗ್ಗಿ ನೋಡಿದಳು. ಬುಲ್ವೆಯ ಹಿಂದೆ, ಜೊಂಡಿನ ಸಂದಿಯಲ್ಲಿ ಒಂದು ದೋಣಿ. ಅದರಲ್ಲಿ ಲುಬ್ವಾಮಾ ಅಂಗಾತ ಮಲಗಿದ್ದ. ಬಲೆಯನ್ನೆಲ್ಲ ಎದೆಗೆ ಒತ್ತಿಕೊಂಡು, ನೀರು ಅಲುಗದಂತೆ...

"ಎಲ್ಲಾ ಫೋಟೋದಲ್ಲೂ ಇದ್ದಾನೆ! ಏಳೋದೇ ಇಲ್ಲ, ಸೋಮಾರಿ!"

"ಅವನು ಬಲೆ ಬೀಸಿದ್ರೆ ಹಕ್ಕಿ ಹಾರಿಹೋಗ್ತಿತ್ತು ಅಜ್ಜಿ..." ಅವನು ಮೀನು ಹಿಡಿಯುವ ಜಾಗ ಅದೇ. ಮೀನು ಏಳುವ ಹೊತ್ತೂ ಅದೇ.

ಅಜ್ಜಿ ಕನ್ನಡಕದ ಮೇಲಿಂದ ಅವಳನ್ನೇ ನೋಡಿದಳು. "ಮತ್ತೆ ಇಲ್ಲೇನು ಮಾಡ್ತಿದ್ದೀಯ? ಹೋಗು!"

ನಸ್ಸಾಂಗಾ ದೋಣಿ ನೂಕಿದಳು.

ಲುಬ್ವಾಮಾ ದಡ ಬಿಟ್ಟು ಆಗಲೇ ಮತ್ತೆ ಅದೇ ಕಾಲುವೆಗೆ ಬಂದಿದ್ದ. ಅವಳನ್ನು ಕಂಡು ಹುಟ್ಟು ಹಾಕಿ ತಿರುಗತೊಡಗಿದ.

"ನಿಲ್ಲೋ! ನನ್ನ ದೋಣೀಲಿ ಅತಿಥಿಗಳಿಲ್ಲ!"

ಅವನ ಕೈ ನಿಂತಿತು.

"ದಿನಾ ಹೀಗೇ ಮಲಗ್ತೀಯಾ?"

ಅವನು ಬೆಚ್ಚಿಬಿದ್ದ. "ನಿನಗೆ... ಹೇಗೆ ಗೊತ್ತಾಯ್ತು?"

"ಫೋಟೋದಲ್ಲಿ ಸಿಕ್ಕಿಬಿದ್ದೆ. ಹೇಳು!"

"ನೀನು ಬಂದಾಗ ಮಾತ್ರ."

"ಬೇರೆ ದೋಣಿ ಬಂದ್ರೆ?"

"ಬಲೆ ಬೀಸ್ತೀನಿ. ಹಕ್ಕಿ ಹಾರುತ್ತೆ. ಬೈಸ್ಕೋತೀನಿ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಆ ಗುಂಪಿನ ಮುಂದೆ ಹೇಳಿ, ಅವರು ನಿನ್ನನ್ನ ಇನ್ನಷ್ಟು ಆಡ್ಕೊಳ್ಳೋ ಹಾಗೆ ಮಾಡ್ಲಾ? ಸೆಂಗಾ ಹತ್ರ ಬರೋಣ ಅಂದ್ರೆ ಬುಟ್ಟಿ ಯಾವಾಗಲೂ ಖಾಲಿ..."

"ನಾನು ಬುಲ್ವೆ ಕಣೋ. ಭಯ ಇಲ್ವಾ?"

"ಬೆಳಗಿನ ಮೀನು ಹೋಯ್ತು. ರಾತ್ರಿ ನಿದ್ದೇನೂ ಹೋಯ್ತು." ಅವನು ಮೆಲ್ಲಗೆ ನಕ್ಕ. "ಇನ್ನೇನು ಉಳಿದಿದೆ ನನ್ನ ಹತ್ರ ಹೋಗೋಕೆ?"

ಗಾಳಿಗೆ ಜೊಂಡು ತೂಗಿತು. ಅವಳು ಸೆರಗಿಲ್ಲದ ಗೋಮೇಸಿ ನಿಲುವಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

"ಬಾ. ಸೆಂಗಾ ಉತ್ತರಕ್ಕೆ ಕಾಯ್ತಿದ್ದಾಳೆ."

"ಹೀಗೇ? ಬರಿಗೈಲಿ?"

"ಅವಳು ಕೇಳಿದ್ದು ನನ್ನ ಬಾಯಿಂದ ಒಂದು ಮಾತು. ಮೀನಲ್ಲ."

ಅವನು ಅವಳಿಗೆ ದಾರಿಬಿಡಲು ದೋಣಿಯನ್ನು ಹಿಂದಕ್ಕೆ ಸರಿಸಿದ. "ನೀನು ಮುಂದೆ ಹೋಗು. ನಾನು ಹಿಂದೆ ಬರ್ತೀನಿ."

"ಉಹೂಂ," ಅವಳು ಕೈಚಾಚಿ ಅವನ ದೋಣಿಯಂಚನ್ನು ಹಿಡಿದುಕೊಂಡಳು. "ಪಕ್ಕದಲ್ಲೇ ಬಾ. ಇಬ್ಬರಿಗೂ ಸಾಕಷ್ಟು ಅಗಲ ಇದೆ."